ಚೋಳಮಂಡಲ ಕಲಾವಿದರ ಗ್ರಾಮ

ಚೋಳಮಂಡಲ ಕಲಾವಿದರ ಗ್ರಾಮವು ತಮಿಳುನಾಡಿನ ಚೆನ್ನೈ ನಗರದ ದಕ್ಷಿಣದಲ್ಲಿ, ಬಂಗಾಳ ಕೊಲ್ಲಿಯ ತೀರಕ್ಕೆ ಹೊಂದಿಕೊಂಡ ಇಂಜಂಬಾಕ್ಕಂ ಎಂಬಲ್ಲಿರುವ ಕಲಾವಿದರ ಸಹಕಾರಿ ನೆಲೆ. ಇದನ್ನು 1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಅವರು ತಮ್ಮ ಶಿಷ್ಯರು ಹಾಗೂ ಸಹೋದ್ಯೋಗಿಗಳೊಡನೆ ಸ್ಥಾಪಿಸಿದರು. ಸದಸ್ಯ ಕಲಾವಿದರು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ತಯಾರಿಸಿ ಮಾರಿ, ಆ ಹಣದಿಂದ ಭೂಮಿ ಕೊಂಡು, ಅಲ್ಲಿ ಮನೆ ಮತ್ತು ಕಾರ್ಯಾಗಾರಗಳನ್ನು ಕಟ್ಟಿಕೊಂಡರು. ಗ್ರಾಮದ ಆಡಳಿತವನ್ನು ಸದಸ್ಯರದೇ ಆದ ಕಲಾವಿದರ ಕರಕುಶಲ ಸಂಘವು ನೋಡಿಕೊಳ್ಳುತ್ತದೆ.

ದಕ್ಷಿಣ ಭಾರತದಲ್ಲಿ ಆಧುನಿಕ ಕಲೆಯನ್ನು ನೆಲೆಗೊಳಿಸಿದ ‘ಮದ್ರಾಸ್ ಕಲಾ ಚಳವಳಿ’ಯ ಹೆಸರಿನೊಂದಿಗೆ ಚೋಳಮಂಡಲದ ಹೆಸರು ಬೇರ್ಪಡಿಸಲಾಗದಂತೆ ಸೇರಿಕೊಂಡಿದೆ. ಭಾರತದಲ್ಲಿ ಸ್ವಾವಲಂಬಿಯಾಗಿ ದೀರ್ಘಕಾಲ ಬಾಳಿದ ಕಲಾವಿದರ ನೆಲೆಗಳಲ್ಲಿ ಇದು ಪ್ರಮುಖವಾದುದು. ಮೈಸೂರಿನಲ್ಲಿ ಜನಿಸಿದ ಕಲಾವಿದ ಎಸ್.ಜಿ. ವಾಸುದೇವ್ ಅವರು ಇದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು.

ಹೆಸರು ಮತ್ತು ಸ್ಥಳ

‘ಚೋಳಮಂಡಲಂ’ ಎಂದರೆ ಚೋಳರು ಆಳಿದ ಸೀಮೆ. ಭಾರತದ ಆಗ್ನೇಯ ಕರಾವಳಿಗೆ ಯುರೋಪಿಯನ್ನರು ಬಳಸಿದ ‘ಕೋರಮಂಡಲ’ ಎಂಬ ಹೆಸರು ಇದೇ ಪದದಿಂದ ಬಂದದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಕಂಚಿನ ಎರಕ ಶಿಲ್ಪಕ್ಕೂ ದೇವಾಲಯ ನಿರ್ಮಾಣಕ್ಕೂ ಹೆಸರಾದ ಚೋಳರ ನೆನಪನ್ನು ಈ ಹೆಸರು ಹೊತ್ತಿದೆ.

ಗ್ರಾಮವು ಚೆನ್ನೈನಿಂದ ಮಹಾಬಲಿಪುರದ ಕಡೆಗೆ ಸಾಗುವ ಪೂರ್ವ ಕರಾವಳಿ ರಸ್ತೆಯ ಪಕ್ಕದಲ್ಲಿದ್ದು, ಹತ್ತು ಎಕರೆಯ ಆಸುಪಾಸಿನ ವಿಸ್ತೀರ್ಣ ಹೊಂದಿದೆ. ಸ್ಥಾಪನೆಯ ಕಾಲದಲ್ಲಿ ಇದು ನಗರದಿಂದ ದೂರದ, ಗಾಳಿಮರದ ತೋಪುಗಳಿದ್ದ ಮರಳು ನೆಲವಾಗಿತ್ತು. ಮೊದಲ ವರ್ಷಗಳಲ್ಲಿ ವಿದ್ಯುತ್ ಇರಲಿಲ್ಲ. ಆರಂಭದ ವಸತಿಗಳು ಗರಿಯ ಮಾಡಿನ ಗುಡಿಸಲುಗಳಾಗಿದ್ದವು. ಇಂದು ಇಂಜಂಬಾಕ್ಕಂ ಚೆನ್ನೈ ಮಹಾನಗರದ ಭಾಗವಾಗಿದ್ದು, ಸುತ್ತಲೂ ಬಡಾವಣೆಗಳು ಬೆಳೆದಿವೆ.

ಹಿನ್ನೆಲೆ

ಮದ್ರಾಸಿನ ಕಲಾಶಾಲೆ

ಮದ್ರಾಸಿನ ಸರ್ಕಾರಿ ಕಲೆ ಮತ್ತು ಕರಕುಶಲ ಶಾಲೆಯನ್ನು 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಆರಂಭಿಸಿದರು. ಬ್ರಿಟಿಷ್ ಭಾರತದ ಅತ್ಯಂತ ಹಳೆಯ ಕಲಾಶಾಲೆಗಳಲ್ಲಿ ಒಂದಾದ ಇಲ್ಲಿ ಚಿತ್ರಕಲೆಯ ಜೊತೆಗೆ ಕುಂಬಾರಿಕೆ, ಲೋಹಕೆಲಸ, ಮರಗೆಲಸದಂಥ ಕಸುಬುಗಳ ಶಿಕ್ಷಣವೂ ಇತ್ತು. ‘ಶುದ್ಧ ಕಲೆ’ ಮತ್ತು ‘ಕರಕುಶಲ’ ಒಂದೇ ಆವರಣದಲ್ಲಿದ್ದ ಈ ಪರಂಪರೆ ಮುಂದೆ ಚೋಳಮಂಡಲದ ರೂಪಕ್ಕೆ ನೇರವಾಗಿ ಕಾರಣವಾಯಿತು.

ಈ ಶಾಲೆಯ ಮೊದಲ ಭಾರತೀಯ ಪ್ರಾಂಶುಪಾಲರಾಗಿದ್ದವರು ದೇವಿಪ್ರಸಾದ್ ರಾಯ್ ಚೌಧುರಿ. ಚೆನ್ನೈನ ಮರೀನಾ ಕಡಲತೀರದಲ್ಲಿರುವ ಶ್ರಮಿಕರ ಗುಂಪುಶಿಲ್ಪ ಅವರದೇ ಕೃತಿ. ಅವರ ನಂತರ 1957ರಲ್ಲಿ ಅವರ ಶಿಷ್ಯ ಪಣಿಕ್ಕರ್ ಪ್ರಾಂಶುಪಾಲರಾದರು ಮತ್ತು 1967ರವರೆಗೆ ಆ ಹುದ್ದೆಯಲ್ಲಿದ್ದರು.

ಪಣಿಕ್ಕರ್ ಮತ್ತು ಪ್ರಗತಿಶೀಲ ಚಿತ್ರಕಾರರ ಸಂಘ

ಕೆ.ಸಿ.ಎಸ್. ಪಣಿಕ್ಕರ್ (1911–1977) ಕೊಯಮತ್ತೂರಿನಲ್ಲಿ ಜನಿಸಿದ ಮಲಯಾಳಿ. 1944ರಲ್ಲಿ ಅವರು ಮದ್ರಾಸಿನಲ್ಲಿ ಪ್ರಗತಿಶೀಲ ಚಿತ್ರಕಾರರ ಸಂಘವನ್ನು ಕಟ್ಟಿದರು. 1954ರಲ್ಲಿ ಯುರೋಪಿಗೆ ಹೋಗಿ ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಕೃತಿಗಳನ್ನು ಪ್ರದರ್ಶಿಸಿದರು. ಭಾರತದ ಆಧುನಿಕ ಕಲೆ ಪಶ್ಚಿಮದ ಅನುಕರಣೆಯಾಗದೆ ತನ್ನದೇ ನೆಲದ ರೇಖೆ, ಲಿಪಿ, ಸಂಕೇತಗಳಿಂದ ಹುಟ್ಟಬೇಕು ಎಂಬ ನಿಲುವು ಆ ನಂತರದ ವರ್ಷಗಳಲ್ಲಿ ಅವರಲ್ಲಿ ಗಟ್ಟಿಯಾಯಿತು. 1963ರಿಂದ ರಚಿಸತೊಡಗಿದ ‘ಪದಗಳು ಮತ್ತು ಸಂಕೇತಗಳು’ ಸರಣಿಯಲ್ಲಿ ಜಾತಕದ ಕುಂಡಲಿ, ಗಣಿತದ ಚಿಹ್ನೆ ಮತ್ತು ಮಲಯಾಳಂ ಲಿಪಿಯನ್ನು ಹೋಲುವ ಬರಹಗಳು ಚಿತ್ರದ ಮೇಲ್ಮೈಯನ್ನೆಲ್ಲ ತುಂಬುತ್ತವೆ. ಆ ಬರಹವನ್ನು ಓದಲಾಗದು, ನೋಡಬಹುದಷ್ಟೆ.

ಜೀವನೋಪಾಯದ ಸಮಸ್ಯೆ

ಕಲಾಶಾಲೆಯಿಂದ ಹೊರಬಂದ ಯುವ ಕಲಾವಿದರಿಗೆ ಅಂದಿನ ಮದ್ರಾಸಿನಲ್ಲಿ ಕಲೆಯಿಂದಲೇ ಬದುಕುವ ದಾರಿ ಇರಲಿಲ್ಲ. ಖಾಸಗಿ ಗ್ಯಾಲರಿಗಳು ಬೆರಳೆಣಿಕೆಯಷ್ಟೇ ಇದ್ದವು. ಆಧುನಿಕ ಚಿತ್ರಗಳನ್ನು ಕೊಳ್ಳುವವರು ಅದಕ್ಕಿಂತ ಕಡಿಮೆ. ಪದವೀಧರರು ಜಾಹೀರಾತು ಸಂಸ್ಥೆಗಳಿಗೆ, ಶಾಲೆಗಳಿಗೆ ಅಥವಾ ಜವಳಿ ವಿನ್ಯಾಸದ ಕೆಲಸಕ್ಕೆ ಸೇರುತ್ತಿದ್ದರು. ಎಂ. ರೆಡ್ಡಪ್ಪ ನಾಯ್ಡು, ಕೆ.ಎಂ. ಆದಿಮೂಲಂ ಅವರಂಥ ಪ್ರತಿಭಾವಂತರೂ ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರದಲ್ಲಿ ವಿನ್ಯಾಸಕಾರರಾಗಿ ದುಡಿದರು. ದಿನವಿಡೀ ನೌಕರಿ ಮಾಡಿದವರಿಗೆ ಸ್ವಂತ ಕೃತಿರಚನೆಗೆ ಉಳಿಯುತ್ತಿದ್ದುದು ರಾತ್ರಿ ಮತ್ತು ರಜಾದಿನಗಳಷ್ಟೆ. ಪ್ರತಿಭೆಯುಳ್ಳ ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಕುಂಚವನ್ನು ಕೆಳಗಿಡುವುದನ್ನು ಪ್ರಾಂಶುಪಾಲರಾಗಿ ಕಂಡ ಪಣಿಕ್ಕರ್ ಅವರಿಗೆ ಇದು ಮುಖ್ಯ ಚಿಂತೆಯಾಯಿತು.

ಸ್ಥಾಪನೆ

ಪಣಿಕ್ಕರ್ ಮತ್ತು ಅವರ ಶಿಷ್ಯರು ಕಂಡುಕೊಂಡ ಪರಿಹಾರ ಸರಳವಾಗಿತ್ತು: ದಿನದ ಒಂದು ಭಾಗವನ್ನು ಮಾರಾಟವಾಗುವ ಕರಕುಶಲ ವಸ್ತುಗಳಿಗೆ ಮೀಸಲಿಟ್ಟು, ಉಳಿದ ಹೊತ್ತನ್ನು ಯಾರ ಹಂಗೂ ಇಲ್ಲದ ಸ್ವಂತ ಕಲೆಗೆ ಇಟ್ಟುಕೊಳ್ಳುವುದು. ಈ ಉದ್ದೇಶದಿಂದ 1960ರ ದಶಕದ ಮೊದಲರ್ಧದಲ್ಲಿ ಕಲಾವಿದರ ಕರಕುಶಲ ಸಂಘ ರೂಪುಗೊಂಡಿತು. ಕಲಾವಿದರು ಕಲಾಶಾಲೆಯಲ್ಲಿ ಕಲಿತ ಕಸುಬುಗಳನ್ನೇ ಬಳಸಿ ಬಾಟಿಕ್ ಬಟ್ಟೆ, ಚರ್ಮದ ವಸ್ತು, ಲೋಹದ ಅಲಂಕಾರಿಕ ಸಾಮಗ್ರಿ ಮತ್ತು ಸೆರಾಮಿಕ್ ಪಾತ್ರೆಗಳನ್ನು ತಯಾರಿಸಿದರು.

ಇವುಗಳಲ್ಲಿ ಹೆಚ್ಚು ಬೇಡಿಕೆ ಗಳಿಸಿದ್ದು ಬಾಟಿಕ್. ಬಟ್ಟೆಯ ಮೇಲೆ ಕರಗಿಸಿದ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದಾಗ ಮೇಣ ಹತ್ತಿದ ಭಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಗಟ್ಟಿಯಾದ ಮೇಣ ಅಲ್ಲಲ್ಲಿ ಬಿರಿದಾಗ ಆ ಬಿರುಕುಗಳಲ್ಲಿ ಬಣ್ಣ ಇಳಿದು ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. ಪ್ರತಿಯೊಂದು ಬಣ್ಣಕ್ಕೂ ಮತ್ತೆ ಮೇಣ ಹಚ್ಚಿ ಅದ್ದಬೇಕು. ಕೊನೆಗೆ ಬಿಸಿನೀರಿನಲ್ಲಿ ಕುದಿಸಿ ಅಥವಾ ಇಸ್ತ್ರಿ ಹಾಕಿ ಮೇಣವನ್ನು ತೆಗೆಯಲಾಗುತ್ತದೆ. ರೇಖೆಯ ಮೇಲೆ ಹಿಡಿತವಿರುವವರಿಗೆ ಒಲಿಯುವ ಈ ಕಸುಬು ಚಿತ್ರಕಾರರ ಕೈಗೆ ಸಹಜವಾಗಿ ಒಗ್ಗಿತು. ದುಬಾರಿ ಸಲಕರಣೆಯೂ ಬೇಕಿರಲಿಲ್ಲ.

ಕರಕುಶಲ ವಸ್ತುಗಳ ಮಾರಾಟದಿಂದ ಸಂಗ್ರಹವಾದ ಹಣದಲ್ಲಿ ಇಂಜಂಬಾಕ್ಕಂನ ಭೂಮಿಯನ್ನು ಕೊಂಡು, 1966ರಲ್ಲಿ ಗ್ರಾಮವನ್ನು ಆರಂಭಿಸಲಾಯಿತು. ಸರ್ಕಾರದ ಅನುದಾನವನ್ನಾಗಲಿ ಒಬ್ಬ ಶ್ರೀಮಂತ ಪೋಷಕನನ್ನಾಗಲಿ ಅವಲಂಬಿಸದೆ, ಸದಸ್ಯರ ಕೈಕೆಲಸದ ಗಳಿಕೆಯಿಂದಲೇ ನೆಲ ದೊರೆತದ್ದು ಈ ಗ್ರಾಮದ ವೈಶಿಷ್ಟ್ಯ. ಸುಮಾರು 30 ಮಂದಿ ಕಲಾವಿದರು ಸ್ಥಾಪನೆಯಲ್ಲಿ ಪಾಲ್ಗೊಂಡರು. ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು.

ಸದಸ್ಯತ್ವ ಮತ್ತು ಸಹಕಾರಿ ವ್ಯವಸ್ಥೆ

ಚೋಳಮಂಡಲವನ್ನು ಕೆಲವೊಮ್ಮೆ ‘ಕಮ್ಯೂನ್’ ಎಂದು ಕರೆಯಲಾಗಿದೆ. ಆದರೆ ಇಲ್ಲಿ ಆಸ್ತಿಯಾಗಲಿ ಅಡುಗೆಮನೆಯಾಗಲಿ ಎಲ್ಲರಿಗೂ ಸಮಾನವಾಗಿ ಸೇರಿದ್ದಲ್ಲ. ಪ್ರತಿ ಸದಸ್ಯನಿಗೂ ಸ್ವಂತ ನಿವೇಶನ, ಸ್ವಂತ ಮನೆ ಇರುತ್ತದೆ. ಗ್ಯಾಲರಿ, ಕಾರ್ಯಾಗಾರ, ಬಯಲು ರಂಗಮಂದಿರ, ಅತಿಥಿ ಕಲಾವಿದರ ವಸತಿಗಳು ಮಾತ್ರ ಎಲ್ಲರಿಗೂ ಸೇರಿದವು. ಆದ್ದರಿಂದ ಇದನ್ನು ಸಹಕಾರಿ ತತ್ತ್ವದ ಮೇಲೆ ನಿಂತ ವಸತಿ ಎನ್ನುವುದು ಹೆಚ್ಚು ಸರಿಯಾದುದು.

ಆರಂಭದ ವರ್ಷಗಳಲ್ಲಿ ಸದಸ್ಯತ್ವವು ದುಡಿಮೆಯ ಮೇಲೆ ನಿಂತಿತ್ತು. ಸೇರುವವನು ಕಲಾವಿದನಾಗಿರಬೇಕಿತ್ತು, ಕರಕುಶಲ ಕೆಲಸದಲ್ಲಿ ಪಾಲುಗೊಳ್ಳಬೇಕಿತ್ತು. ಆ ಗಳಿಕೆಯಿಂದ ಅವನ ನಿವೇಶನ ಮತ್ತು ಮನೆಯ ವೆಚ್ಚ ತೀರಬೇಕಿತ್ತು. ಕೈಯಲ್ಲಿ ಬಂಡವಾಳವಿಲ್ಲದ ಯುವಕನಿಗೂ ಇದರಿಂದ ಪ್ರವೇಶ ಸಾಧ್ಯವಾಯಿತು. ಕಲೆಯ ಶೈಲಿಯ ಬಗ್ಗೆ ಯಾವ ಷರತ್ತೂ ಇರಲಿಲ್ಲ. ಅಮೂರ್ತ ಚಿತ್ರ ಬರೆಯುವವರು, ಜನಪದ ಆಕೃತಿಗಳನ್ನು ಬಳಸುವವರು, ಲೋಹಶಿಲ್ಪಿಗಳು ಅಕ್ಕಪಕ್ಕದ ಮನೆಗಳಲ್ಲಿದ್ದರು.

ಹಣಕಾಸಿನ ದೃಷ್ಟಿಯಿಂದ ಈ ವ್ಯವಸ್ಥೆಯ ತಿರುಳನ್ನು ಹೀಗೆ ಹೇಳಬಹುದು:

• ಕಲಾವಿದನ ಚಿತ್ರ ಅಥವಾ ಶಿಲ್ಪ ಅವನ ಸ್ವಂತದ್ದು. ಅದನ್ನು ಎಲ್ಲಿ ಬೇಕಾದರೂ ಮಾರಬಹುದು.
• ಗ್ರಾಮದ ಗ್ಯಾಲರಿಯಲ್ಲಿ ಸದಸ್ಯರ ಕೃತಿಗಳು ಶಾಶ್ವತ ಪ್ರದರ್ಶನದಲ್ಲಿರುತ್ತವೆ. ಅಲ್ಲಿ ಮಾರಾಟವಾದಾಗ ಬೆಲೆಯ ಒಂದು ಪಾಲು ಸಂಘಕ್ಕೆ ಸಲ್ಲುತ್ತದೆ.
• ಆ ಪಾಲು ಸಾಮೂಹಿಕ ಕಟ್ಟಡಗಳ ನಿರ್ವಹಣೆಗೆ ಮತ್ತು ಕಾರ್ಯಕ್ರಮಗಳಿಗೆ ಬಳಕೆಯಾಗುತ್ತದೆ.

ವಾಣಿಜ್ಯ ಗ್ಯಾಲರಿಯಲ್ಲಿ ಯಾರ ಕೃತಿಯನ್ನು ತೂಗುಹಾಕಬೇಕೆಂಬುದನ್ನು ಮಾಲೀಕನು ತೀರ್ಮಾನಿಸುತ್ತಾನೆ. ಮಾರಾಟದ ಬೆಲೆಯಲ್ಲಿ ಮೂರನೆಯ ಒಂದರಿಂದ ಅರ್ಧದಷ್ಟು ಕಮಿಷನ್ ಅವನಿಗೆ ಸೇರುವುದು ಸಾಮಾನ್ಯ. ಸಹಕಾರಿ ಗ್ಯಾಲರಿಯಲ್ಲಿ ಈ ಎರಡೂ ಅಧಿಕಾರಗಳು ಕಲಾವಿದರ ಕೈಯಲ್ಲೇ ಉಳಿಯುತ್ತವೆ. ಜೊತೆಗೆ ಬಾಗಿಲು ತೆರೆಯುವುದು, ಲೆಕ್ಕ ಬರೆಯುವುದು, ಬಂದವರೊಡನೆ ಮಾತನಾಡುವುದು ಮೊದಲಾದ ಹೊಣೆಗಳೂ ಅವರ ಪಾಲಿಗೇ ಬರುತ್ತವೆ.

ಸದಸ್ಯರ ಹೆಸರುಗಳಲ್ಲಿ ಕೇರಳ, ತಮಿಳುನಾಡು, ಆಂಧ್ರ ಮತ್ತು ಕರ್ನಾಟಕ ನಾಲ್ಕೂ ರಾಜ್ಯಗಳವರಿದ್ದಾರೆ. ಮಹಿಳೆಯರ ಸಂಖ್ಯೆ ಮಾತ್ರ ಕಡಿಮೆಯಿತ್ತು. ಚಿತ್ರಕಲಾವಿದೆ ಅರ್ನವಾಜ್, ಶಿಲ್ಪಿ ಅನಿಲಾ ಜೇಕಬ್ ಅವರಂಥ ಕೆಲವರ ಹೆಸರುಗಳು ಮಾತ್ರ ಮೊದಲ ತಲೆಮಾರಿನಲ್ಲಿ ಕಾಣುತ್ತವೆ.

ಸಾರ್ವಜನಿಕ ಚಟುವಟಿಕೆಗಳು

ಗ್ಯಾಲರಿ ಮತ್ತು ಮಾರಾಟ

ಗ್ರಾಮದ ಗ್ಯಾಲರಿಗೆ ಸಾರ್ವಜನಿಕರಿಗೆ ಪ್ರವೇಶವಿದೆ. ಮಹಾಬಲಿಪುರಕ್ಕೆ ಹೋಗುವ ದಾರಿಯಲ್ಲೇ ಇರುವುದರಿಂದ ಪ್ರವಾಸಿಗರೂ ಶಾಲಾ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಚಿತ್ರವನ್ನು ನೋಡಿದವರು ಅದನ್ನು ಬರೆದವರನ್ನು ಕೆಲವೇ ಹೆಜ್ಜೆ ದೂರದ ಮನೆಯಲ್ಲಿ ಭೇಟಿಯಾಗುವ ಅವಕಾಶ ನಗರದ ಗ್ಯಾಲರಿಗಳಲ್ಲಿ ಸಿಗದಂಥದು. ಚಿತ್ರ ಕೊಳ್ಳಲು ಶಕ್ತಿಯಿಲ್ಲದವರಿಗೆ ಕಡಿಮೆ ಬೆಲೆಯ ಕರಕುಶಲ ವಸ್ತುಗಳು ದೊರೆಯುತ್ತಿದ್ದುದು ಆರಂಭದಿಂದಲೂ ಜನರನ್ನು ಗ್ರಾಮದೊಂದಿಗೆ ಬೆಸೆದ ಅಂಶ.

ಬಯಲು ರಂಗಮಂದಿರ

ಗ್ರಾಮದ ಬಯಲು ರಂಗಮಂದಿರದಲ್ಲಿ ಕವಿತಾ ವಾಚನ, ಸಂಗೀತ, ನೃತ್ಯ ಮತ್ತು ನಾಟಕಗಳು ನಡೆದುಬಂದಿವೆ. ಇದರಿಂದ ಚಿತ್ರಕಾರರಿಗೂ ಸಾಹಿತ್ಯ, ರಂಗಭೂಮಿಯವರಿಗೂ ಒಡನಾಟ ಬೆಳೆಯಿತು. ಸದಸ್ಯರಲ್ಲಿ ಹಲವರು ಪುಸ್ತಕಗಳಿಗೆ, ಪತ್ರಿಕೆಗಳಿಗೆ ಚಿತ್ರ ಬರೆದದ್ದಕ್ಕೂ ಈ ಒಡನಾಟಕ್ಕೂ ಸಂಬಂಧವಿದೆ.

ಪ್ರಕಟಣೆ ಮತ್ತು ಚರ್ಚೆ

ಪ್ರಗತಿಶೀಲ ಚಿತ್ರಕಾರರ ಸಂಘವು 1960ರ ದಶಕದ ಆರಂಭದಿಂದ ‘ಆರ್ಟ್‌ರೆಂಡ್ಸ್’ ಎಂಬ ಇಂಗ್ಲಿಷ್ ಕಲಾಪತ್ರಿಕೆಯನ್ನು ಹೊರತರುತ್ತಿತ್ತು. ಮದ್ರಾಸಿನ ಕಲಾವಿದರು ತಮ್ಮ ಕಲೆಯ ಬಗ್ಗೆ ತಾವೇ ಬರೆಯಲು, ಇತರ ನಗರಗಳ ಕಲಾವಿದರೊಡನೆ ವಾದ ನಡೆಸಲು ಇದು ವೇದಿಕೆಯಾಯಿತು. ವಿಮರ್ಶಕ ಜೋಸೆಫ್ ಜೇಮ್ಸ್ ಅವರು ಈ ಬಳಗದ ನಿಕಟವರ್ತಿಯಾಗಿದ್ದು, ಗ್ರಾಮದ ಇತಿಹಾಸವನ್ನು ಕುರಿತು ಅವರು ಸಂಪಾದಿಸಿದ ಗ್ರಂಥ 2004ರಲ್ಲಿ ಪ್ರಕಟವಾಯಿತು.

ಅತಿಥಿ ಕಲಾವಿದರು ಮತ್ತು ಶಿಬಿರಗಳು

ದೇಶವಿದೇಶಗಳ ಕಲಾವಿದರು ಕೆಲಕಾಲ ತಂಗಿ ಕೆಲಸ ಮಾಡಲು ಗ್ರಾಮದಲ್ಲಿ ವಸತಿ ಮತ್ತು ಕಾರ್ಯಾಗಾರದ ಅನುಕೂಲವಿದೆ. ಗ್ರಾಮದ ಆವರಣದಲ್ಲಿ ಶಿಲ್ಪೋದ್ಯಾನವೂ ಇದ್ದು, ಹೊರದೇಶದ ಶಿಲ್ಪಿಗಳ ಕೃತಿಗಳೂ ಅದರಲ್ಲಿವೆ. ಕಲಾ ಶಿಬಿರಗಳು, ಮಕ್ಕಳಿಗೂ ಆಸಕ್ತರಿಗೂ ಕಾರ್ಯಾಗಾರಗಳು ನಡೆಯುತ್ತವೆ.

ಸಮಕಾಲೀನ ಕಲಾ ಕೇಂದ್ರ

2009ರಲ್ಲಿ ಗ್ರಾಮದ ಆವರಣದಲ್ಲಿ ಚೋಳಮಂಡಲ ಸಮಕಾಲೀನ ಕಲಾ ಕೇಂದ್ರ ಆರಂಭವಾಯಿತು. ಮದ್ರಾಸ್ ಕಲಾ ಚಳವಳಿಯ ಚಿತ್ರ ಮತ್ತು ಶಿಲ್ಪಗಳ ವಸ್ತುಸಂಗ್ರಹಾಲಯ ಇದರ ಮುಖ್ಯ ಭಾಗ. ಜೊತೆಗೆ ‘ಇಂಡಿಗೊ’ ಮತ್ತು ‘ಲಬರ್ನಮ್’ ಎಂಬ ಎರಡು ಗ್ಯಾಲರಿಗಳಿವೆ. ಸದಸ್ಯರಲ್ಲದ ಕಲಾವಿದರೂ ಇಲ್ಲಿ ಪ್ರದರ್ಶನ ನಡೆಸಬಹುದು. ಹೀಗೆ ಸ್ವಂತ ಸದಸ್ಯರ ಕೃತಿಗಳಿಗಾಗಿ ಹುಟ್ಟಿದ ಸ್ಥಳವು ಹೊರಗಿನ ಕಿರಿಯ ಕಲಾವಿದರಿಗೂ ಗೋಡೆ ಒದಗಿಸುವ ಸಂಸ್ಥೆಯಾಯಿತು.

ಕಲೆಯ ಸ್ವರೂಪ

ಚೋಳಮಂಡಲಕ್ಕೆ ಒಂದೇ ಶೈಲಿ ಇಲ್ಲವಾದರೂ ಅಲ್ಲಿಯ ಕಲೆಯಲ್ಲಿ ಕೆಲವು ಸಮಾನ ಒಲವುಗಳನ್ನು ಗುರುತಿಸಲಾಗಿದೆ. ಮೊದಲನೆಯದು ರೇಖೆಗೆ ದೊರೆತ ಪ್ರಾಧಾನ್ಯ. ಬೆಳಕು ನೆರಳುಗಳಿಂದ ಘನತೆಯನ್ನು ತೋರಿಸುವ ಪಾಶ್ಚಾತ್ಯ ಕ್ರಮಕ್ಕಿಂತ ಚಪ್ಪಟೆ ಮೇಲ್ಮೈಯ ಮೇಲೆ ಓಡುವ ಗೆರೆಯೇ ಇಲ್ಲಿ ಮುಖ್ಯ. ಎರಡನೆಯದು ಲಿಪಿ, ಯಂತ್ರ, ಮಂಡಲ, ಕೋಲಗಳಂಥ (ರಂಗೋಲಿ) ಸ್ಥಳೀಯ ಸಂಕೇತಗಳ ಬಳಕೆ. ಕೆ.ವಿ. ಹರಿದಾಸನ್ ಅವರ ಚಿತ್ರಗಳು ತಂತ್ರಶಾಸ್ತ್ರದ ಜ್ಯಾಮಿತಿಯಿಂದ ರೂಪುಗೊಂಡವು. ಜೆ. ಸುಲ್ತಾನ್ ಅಲಿ ಅವರು ಬುಡಕಟ್ಟು ಮತ್ತು ಜನಪದ ಪ್ರತಿಮೆಗಳನ್ನು, ಬರಹವನ್ನು ಒಟ್ಟಿಗೆ ತಂದರು.

ಮೂರನೆಯದು ಶಿಲ್ಪದಲ್ಲಿ ಕಂಡುಬಂದ ‘ಮುಮ್ಮುಖತೆ’. ದೇವಾಲಯದ ಮೂರ್ತಿಯನ್ನು ಭಕ್ತನು ಎದುರಿನಿಂದ ನೋಡುವಂತೆ, ಈ ಶಿಲ್ಪಗಳೂ ಎದುರಿನಿಂದಲೇ ನೋಡಲು ರಚಿತವಾದವು. ಲೋಹದ ತಗಡನ್ನು ಬಡಿದು, ಕತ್ತರಿಸಿ, ತಂತಿಯಿಂದ ಅಲಂಕರಿಸುವ ಈ ಬಗೆಯನ್ನು ಪಿ.ವಿ. ಜಾನಕಿರಾಂ ಬೆಳೆಸಿದರು. ಎಸ್. ನಂದಗೋಪಾಲ್ ಅದನ್ನು ತಾಮ್ರ ಮತ್ತು ಹಿತ್ತಾಳೆಯ ದೊಡ್ಡ ರಚನೆಗಳಿಗೆ ವಿಸ್ತರಿಸಿದರು. ದೇವರ ಕವಚಗಳನ್ನು ಮಾಡುವ ಕಮ್ಮಟಗಾರರ ತಂತ್ರ ಹೀಗೆ ಆಧುನಿಕ ಶಿಲ್ಪದೊಳಕ್ಕೆ ಬಂತು.

ಹೊಟ್ಟೆಪಾಡಿಗೆಂದು ಹಿಡಿದ ಕರಕುಶಲ ಕೆಲಸವೂ ಕಲೆಯ ಮೇಲೆ ಪ್ರಭಾವ ಬೀರಿತು. ಬಟ್ಟೆ, ಲೋಹ, ಮಣ್ಣುಗಳೊಡನೆ ಪ್ರತಿದಿನವೂ ಕೆಲಸ ಮಾಡಿದವರು ಅವುಗಳ ಗುಣವನ್ನು ತಮ್ಮ ಚಿತ್ರ, ಶಿಲ್ಪಗಳಿಗೂ ತಂದರು.

ಪ್ರಮುಖ ಸದಸ್ಯರು

• ಕೆ.ಸಿ.ಎಸ್. ಪಣಿಕ್ಕರ್ (1911–1977): ಸ್ಥಾಪಕರು. ಅವರ ಕೃತಿಗಳ ದೊಡ್ಡ ಸಂಗ್ರಹವು ತಿರುವನಂತಪುರದಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿದೆ.
• ಜೆ. ಸುಲ್ತಾನ್ ಅಲಿ (1920–1990): ಚಿತ್ರಕಲಾವಿದ.
• ಕೆ.ವಿ. ಹರಿದಾಸನ್ (1937–2014): ನವತಾಂತ್ರಿಕ ಶೈಲಿಯ ಚಿತ್ರಕಲಾವಿದ.
• ಕೆ. ಜಯಪಾಲ ಪಣಿಕ್ಕರ್ (1937–2003): ಚಿತ್ರಕಲಾವಿದ.
• ಎಂ. ಸೇನಾಧಿಪತಿ (ಜನನ 1939): ಚಿತ್ರ ಹಾಗೂ ಲೋಹದ ಉಬ್ಬುಶಿಲ್ಪಗಳ ಕಲಾವಿದ.
• ವಿ. ವಿಶ್ವನಾಥನ್ (ಜನನ 1940): 1968ರಲ್ಲಿ ಪ್ಯಾರಿಸ್‌ಗೆ ತೆರಳಿ ಅಲ್ಲಿ ನೆಲೆಸಿದರು. ಇನ್ನೊಬ್ಬ ಸದಸ್ಯ ಅಕ್ಕಿತ್ತಂ ನಾರಾಯಣನ್ ಅವರೂ ಪ್ಯಾರಿಸ್ ಸೇರಿದರು.
• ಕೆ. ರಾಮಾನುಜಂ (1941–1973): ಶಾಯಿಯ ಸೂಕ್ಷ್ಮ ರೇಖೆಗಳಲ್ಲಿ ಕನಸಿನ ಅರಮನೆ, ಹಾವು, ದೇವಕನ್ಯೆಯರ ಲೋಕವನ್ನು ಬರೆದವರು. ಕಿರಿಯ ವಯಸ್ಸಿನಲ್ಲೇ ಗ್ರಾಮದಲ್ಲಿ ತೀರಿಕೊಂಡರು.
• ಎಸ್.ಜಿ. ವಾಸುದೇವ್ (ಜನನ 1941): ಚಿತ್ರ, ತಾಮ್ರದ ಉಬ್ಬುಚಿತ್ರ ಮತ್ತು ನೇಯ್ಗೆಚಿತ್ರಗಳ ಕಲಾವಿದ.
• ಎಸ್. ನಂದಗೋಪಾಲ್ (1946–2017): ಪಣಿಕ್ಕರ್ ಅವರ ಪುತ್ರ, ಲೋಹಶಿಲ್ಪಿ. ಹಲವು ವರ್ಷ ಗ್ರಾಮದ ಕಾರ್ಯದರ್ಶಿಯಾಗಿದ್ದರು.
• ಪಿ. ಗೋಪಿನಾಥ್ (ಜನನ 1948): ಚಿತ್ರಕಲಾವಿದ.
• ಸಿ. ಡಗ್ಲಸ್ (ಜನನ 1951): ನಂತರದ ತಲೆಮಾರಿನ ಚಿತ್ರಕಲಾವಿದ.

ಕರ್ನಾಟಕದೊಂದಿಗೆ ಸಂಬಂಧ

ಚೋಳಮಂಡಲ ಮತ್ತು ಕನ್ನಡ ಸಾಂಸ್ಕೃತಿಕ ಲೋಕದ ನಡುವಿನ ಮುಖ್ಯ ಕೊಂಡಿ ಎಸ್.ಜಿ. ವಾಸುದೇವ್. ಮೈಸೂರಿನಲ್ಲಿ ಹುಟ್ಟಿದ ಅವರು ಮದ್ರಾಸಿನ ಕಲಾಶಾಲೆಯಲ್ಲಿ ಪಣಿಕ್ಕರ್ ಅವರ ಶಿಷ್ಯರಾದರು. ಗ್ರಾಮದ ಸ್ಥಾಪನೆಯಲ್ಲಿ ಪಾಲ್ಗೊಂಡು ಎರಡು ದಶಕಗಳ ಕಾಲ ಅಲ್ಲಿ ಬಾಳಿದರು. ಬಾಟಿಕ್ ಮತ್ತು ಲೋಹದ ಕೆಲಸದಲ್ಲಿ ಪಡೆದ ಅನುಭವ ಅವರ ತಾಮ್ರದ ಉಬ್ಬುಚಿತ್ರಗಳಲ್ಲಿ ಮುಂದುವರಿಯಿತು. ಅವರ ‘ವೃಕ್ಷ’ ಸರಣಿಗೆ ದ.ರಾ. ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷದ ಪ್ರತಿಮೆ ಪ್ರೇರಣೆಯಾಯಿತು. ಎ.ಕೆ. ರಾಮಾನುಜನ್ ಅವರ ಕವಿತೆಗಳನ್ನು ಆಧರಿಸಿಯೂ ಅವರು ರೇಖಾಚಿತ್ರಗಳನ್ನು ರಚಿಸಿದ್ದಾರೆ.

1970ರಲ್ಲಿ ತೆರೆಕಂಡ ‘ಸಂಸ್ಕಾರ’ ಚಿತ್ರದ ಕಲಾ ನಿರ್ದೇಶಕರು ವಾಸುದೇವ್. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ಮದ್ರಾಸಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದೊಡನೆ ಒಡನಾಟವಿದ್ದ ಗಿರೀಶ ಕಾರ್ನಾಡ, ಸ್ನೇಹಲತಾ ರೆಡ್ಡಿ ಮೊದಲಾದವರು ಇದರಲ್ಲಿ ನಟಿಸಿದರು. ಕನ್ನಡದ ಹೊಸ ಅಲೆಯ ಸಿನಿಮಾದ ಆರಂಭಬಿಂದುವೆಂದು ಗಣಿಸಲಾಗುವ ಈ ಚಿತ್ರದ ಹಿಂದೆ ಮದ್ರಾಸಿನ ಚಿತ್ರಕಾರರ ಮತ್ತು ನಾಟಕಕಾರರ ಬಳಗವಿದ್ದುದು ಗಮನಾರ್ಹ.

ವಾಸುದೇವ್ ಅವರ ಪತ್ನಿ ಅರ್ನವಾಜ್ ಅವರೂ ಗ್ರಾಮದ ಚಿತ್ರಕಲಾವಿದೆಯಾಗಿದ್ದರು. 1988ರಲ್ಲಿ ಅವರು ನಿಧನರಾದರು. 1980ರ ದಶಕದ ಕೊನೆಯಲ್ಲಿ ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು. ಅರ್ನವಾಜ್ ಅವರ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡಲಾಗುತ್ತಿದೆ. ಮದ್ರಾಸಿನ ಕಲಾಶಾಲೆಯಲ್ಲಿ ಕಲಿತು ಬೆಂಗಳೂರಿನಲ್ಲಿ ನೆಲೆಸಿದ ಶಿಲ್ಪಿ ಬಾಲನ್ ನಂಬಿಯಾರ್ ಅವರನ್ನೂ ಮದ್ರಾಸ್ ಚಳವಳಿಯ ಪರಂಪರೆಯಲ್ಲಿ ಹೆಸರಿಸಲಾಗುತ್ತದೆ.

ಉತ್ತರಾಧಿಕಾರದ ಪ್ರಶ್ನೆ

ಸದಸ್ಯತ್ವವನ್ನು ನೆಲದೊಂದಿಗೆ ಬೆಸೆದದ್ದು ಚೋಳಮಂಡಲದ ಸ್ಥಿರತೆಗೆ ಕಾರಣವಾಯಿತು. ಅದೇ ಸಂಗತಿ ಮುಂದೆ ಅದರ ಕಠಿಣ ಪ್ರಶ್ನೆಯೂ ಆಯಿತು. ಬಾಡಿಗೆಯ ಕಟ್ಟಡದಲ್ಲಿ ನಡೆಯುವ ಸಹಕಾರಿ ಗ್ಯಾಲರಿಯಲ್ಲಿ ಹಳೆಯ ಸದಸ್ಯನು ಹೊರಟರೆ ಅವನ ಸ್ಥಾನಕ್ಕೆ ಇನ್ನೊಬ್ಬ ಕಲಾವಿದನನ್ನು ಆರಿಸಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಸದಸ್ಯನು ತೀರಿಕೊಂಡಾಗ ಮನೆ ಅವನ ಕುಟುಂಬಕ್ಕೆ ಉಳಿಯುತ್ತದೆ. ಆ ಕುಟುಂಬದ ಮುಂದಿನ ತಲೆಮಾರಿನವರೆಲ್ಲರೂ ಕಲಾವಿದರಾಗಿರುವುದಿಲ್ಲ.

ಇನ್ನೊಂದೆಡೆ, 1966ರಲ್ಲಿ ಬಾಟಿಕ್ ಮಾರಿ ಕೊಳ್ಳಬಹುದಾಗಿದ್ದ ನೆಲದ ಬೆಲೆ, ಪೂರ್ವ ಕರಾವಳಿ ರಸ್ತೆ ಅಭಿವೃದ್ಧಿಯಾದ ಮೇಲೆ ಯುವ ಕಲಾವಿದನ ಕೈಗೆ ಎಟುಕದಷ್ಟು ಏರಿತು. ಹೀಗಾಗಿ ಸ್ಥಾಪಕರು ನಡೆದ ದಾರಿಯಲ್ಲಿ, ಅಂದರೆ ದುಡಿದು ನಿವೇಶನ ಗಳಿಸಿ ಸದಸ್ಯನಾಗುವ ಕ್ರಮದಲ್ಲಿ, ಹೊಸಬರು ಗ್ರಾಮವನ್ನು ಸೇರುವುದು ಸಾಧ್ಯವಾಗಿಲ್ಲ. ಸ್ಥಾಪಕರಲ್ಲಿ ಕೆಲವರು ಬೇರೆ ಊರುಗಳಿಗೆ ಹೋದರು, ಹಲವರು ನಿಧನರಾದರು. 2016ರಲ್ಲಿ ಗ್ರಾಮಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ಅಲ್ಲಿಯೇ ಇದ್ದು ಕೆಲಸ ಮಾಡುತ್ತಿದ್ದ ಮೊದಲ ತಲೆಮಾರಿನವರ ಸಂಖ್ಯೆ ಬಹಳ ಕಡಿಮೆಯಾಗಿತ್ತು.

2009ರ ಸಮಕಾಲೀನ ಕಲಾ ಕೇಂದ್ರವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ವಸತಿಯಾಗಿ ಗ್ರಾಮ ಬೆಳೆಯುವುದು ನಿಂತರೂ, ಸಂಗ್ರಹಾಲಯ, ಗ್ಯಾಲರಿ, ಅತಿಥಿ ಕಾರ್ಯಾಗಾರಗಳ ಮೂಲಕ ಅದು ಸಾರ್ವಜನಿಕ ಸಂಸ್ಥೆಯಾಗಿ ಮುಂದುವರಿಯಲು ಅವಕಾಶವಾಯಿತು. ನೆಲದ ಮೇಲಿನ ಶಾಶ್ವತ ಹಕ್ಕಿಗೆ ಬದಲಾಗಿ ಕೆಲವು ವಾರ ಅಥವಾ ತಿಂಗಳುಗಳ ತಂಗುವಿಕೆ ಹಾಗೂ ಪ್ರದರ್ಶನದ ಅವಕಾಶ ಈಗ ಹೊಸ ತಲೆಮಾರಿಗೆ ತೆರೆದಿರುವ ದಾರಿ.

ಮಹತ್ವ ಮತ್ತು ವಿಮರ್ಶೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಭಾರತದಲ್ಲಿ ಹಲವು ಕಲಾವಿದರ ಗುಂಪುಗಳು ಹುಟ್ಟಿದವು. 1943ರ ಕಲ್ಕತ್ತಾ ಗ್ರೂಪ್, 1947ರ ಬೊಂಬಾಯಿಯ ಪ್ರಗತಿಶೀಲ ಕಲಾವಿದರ ಗುಂಪು, 1949ರ ದಿಲ್ಲಿ ಶಿಲ್ಪಿ ಚಕ್ರ ಇವುಗಳಲ್ಲಿ ಮುಖ್ಯವಾದವು. ಇವು ಒಟ್ಟಾಗಿ ಪ್ರದರ್ಶನ ನಡೆಸಿ, ಹೊಸ ಕಲೆಯ ಪರವಾಗಿ ವಾದಿಸಿದವು. ಸದಸ್ಯರು ಚದುರಿದಂತೆ ಬೊಂಬಾಯಿಯ ಗುಂಪು ಒಂದು ದಶಕದೊಳಗೆ ಕರಗಿತು. ಚೋಳಮಂಡಲದವರು ಇವುಗಳಿಗಿಂತ ಭಿನ್ನವಾಗಿ ಕಲೆಯ ಸಿದ್ಧಾಂತದ ಜೊತೆಗೆ ಅದರ ಆರ್ಥಿಕ ನೆಲೆಯನ್ನೂ ಕಟ್ಟಿದರು. ಗುಂಪು ಉಳಿಯಲು ಇದು ಕಾರಣವೆಂದು ಹೇಳಲಾಗುತ್ತದೆ.

ಗ್ರಾಮದ ಬಗ್ಗೆ ಆಕ್ಷೇಪಗಳೂ ಇವೆ. ನಗರದಿಂದ ದೂರ ಸರಿದದ್ದರಿಂದ ಕಲಾವಿದರು ಸಮಾಜದ ಬಿಸಿಯಿಂದಲೂ ದೂರವಾದರು ಎಂಬುದು ಒಂದು. ಸ್ಥಳೀಯ ಸಂಕೇತಗಳ ಬಳಕೆ ಕೆಲವರಲ್ಲಿ ಬರಿಯ ಅಲಂಕಾರವಾಯಿತು ಎಂಬುದು ಇನ್ನೊಂದು. ಮತ್ತೊಂದೆಡೆ, ಭಾರತೀಯ ಆಧುನಿಕ ಕಲೆಯ ಇತಿಹಾಸಗಳು ಬಹುಕಾಲ ಮುಂಬಯಿ, ದಿಲ್ಲಿ, ಬಂಗಾಳ ಮತ್ತು ಬರೋಡಾಗಳ ಸುತ್ತಲೇ ಸುತ್ತಿದ್ದರಿಂದ ಮದ್ರಾಸಿನ ಚಳವಳಿಗೆ ಸಲ್ಲಬೇಕಾದ ಗಮನ ತಡವಾಗಿ ದೊರೆಯಿತು ಎಂದು ಕಲಾ ಇತಿಹಾಸಕಾರರು ವಾದಿಸಿದ್ದಾರೆ.

ಇವನ್ನೂ ನೋಡಿ

• ಕೆ.ಸಿ.ಎಸ್. ಪಣಿಕ್ಕರ್
• ಎಸ್.ಜಿ. ವಾಸುದೇವ್
• ಮದ್ರಾಸ್ ಕಲಾ ಚಳವಳಿ
• ಸರ್ಕಾರಿ ಲಲಿತಕಲಾ ಕಾಲೇಜು, ಚೆನ್ನೈ
• ಕರ್ನಾಟಕ ಚಿತ್ರಕಲಾ ಪರಿಷತ್ತು
• ಬಾಟಿಕ್